ಮಾಯದ ವ್ರಣಗಳಿಗೆ ಹೊಸ ಪಟ್ಟಿಗಳು: ಮಲೆನಾಡಿನ ದೃಷ್ಟಿಯಿಂದ ಕೆಲವು ವಿಚಾರಗಳು

ಸೊರಬ ತಾಲ್ಲೂಕಿನ ಚಂದ್ರಗುತ್ತಿಯನ್ನು ನಾಡಿನ ಜನರು ಬೆಟ್ಟದ ಮೇಲಣ ಕೋಟೆಗಾಗಿಯೂ ರೇಣುಕಾಂಬೆಯ ಗುಹಾದೇಗುಲಕ್ಕಾಗಿಯೂ ಬಲ್ಲರು. ನಾವು ಆ ಊರನ್ನು ಇಲ್ಲಿ ಬೇರೊಂದು ಕಾರಣದಿಂದ ನೆನೆಯುತ್ತೇವೆ. ಮಳೆಗಾಲದಲ್ಲಿ ಕೆಸರುಗದ್ದೆಯಲ್ಲಿ ನಿಂತು ನಾಟಿ ಮಾಡುವ, ಉಳಿದ ಕಾಲದಲ್ಲಿ ತೋಟ ಕಾಡುಗಳಲ್ಲಿ ಬರಿಗಾಲಿನಿಂದ ಓಡಾಡುವ ಇಂಥ ಸೀಮೆಯಲ್ಲಿ ಅಂಗಾಲಿನ ಹುಣ್ಣೊಂದು ತಿಂಗಳುಗಟ್ಟಲೆ ಮಾಯದೆ ಉಳಿದರೆ ಒಂದು ಸಂಸಾರದ ದುಡಿಮೆಯೇ ನಿಂತುಹೋಗುತ್ತದೆ. ದಿನಬಿಟ್ಟು ದಿನ ಪಟ್ಟಿ ಬದಲಿಸಿಕೊಳ್ಳಲು ಸೊರಬಕ್ಕೋ ಸಾಗರಕ್ಕೋ ಬಸ್ಸಿನಲ್ಲಿ ಹೋಗಿಬರುವುದೆಂದರೆ, ಪ್ರತಿಸಲವೂ ಒಂದು ದಿನದ ಕೂಲಿಯನ್ನು ಕಳೆದುಕೊಂಡಂತೆಯೇ.

ಸಾಮಾನ್ಯವಾದ ಗಾಯಕ್ಕೂ ಮಾಯದ ವ್ರಣಕ್ಕೂ ಇರುವ ಭೇದವೇನು? ಗಾಯವಾದೊಡನೆ ರಕ್ತ ಹೆಪ್ಪುಗಟ್ಟುತ್ತದೆ. ಉರಿಯೂತವು ಕಲ್ಮಷವನ್ನು ತೊಡೆದುಹಾಕುತ್ತದೆ. ಅನಂತರ ಹೊಸ ಮಾಂಸವು ಬೆಳೆದು, ಅಂಚಿನಿಂದ ಚರ್ಮವು ಹಬ್ಬುತ್ತದೆ. ಮಾಯದ ವ್ರಣವು ಎರಡನೆಯ ಘಟ್ಟದಲ್ಲಿಯೇ ನಿಂತುಬಿಟ್ಟಿರುತ್ತದೆ. ಅದರಿಂದ ಒಸರುವ ದ್ರವದಲ್ಲಿ ಪ್ರೋಟೀನನ್ನು ಸೀಳುವ ಕಿಣ್ವಗಳು ಮಿತಿಮೀರಿದ್ದು, ಹೊಸದಾಗಿ ಕಟ್ಟಿದ ಅಂಗಾಂಶವನ್ನೂ ಬೆಳವಣಿಗೆಯ ಅಂಶಗಳನ್ನೂ ಅವು ಕರಗಿಸಿಬಿಡುತ್ತವೆ. ಮಧುಮೇಹ, ಕುಷ್ಠ, ಕಾಲಿನ ಅಭಿಧಮನಿಗಳ ದೋಷ ಇವು ಇದಕ್ಕೆ ಮುಖ್ಯ ಕಾರಣಗಳು.

ಗಾಯವನ್ನು ಒಣಗಿಸಬೇಕೆಂಬುದು ಹಳೆಯ ನಂಬಿಕೆ. ಇಂದಿಗೂ ನಮ್ಮ ಹಳ್ಳಿಗಳಲ್ಲಿ ಪ್ರಬಲವಾದುದು. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿಯು ಹಂದಿಗಳ ಮೇಲೆ ಮಾಡಿದ ಪ್ರಯೋಗವು ಈ ನಂಬಿಕೆಯನ್ನು ಅಲುಗಾಡಿಸಿತು. ಪಾಲಿಥೀನ್ ಹಾಳೆಯಿಂದ ಮುಚ್ಚಿ ತೇವವಾಗಿಟ್ಟ ಗಾಯದ ಮೇಲೆ, ಗಾಳಿಗೆ ಬಿಟ್ಟು ಹೆಕ್ಕಳೆ ಕಟ್ಟಿದ ಗಾಯಕ್ಕಿಂತ ಸುಮಾರು ಎರಡು ಪಾಲು ವೇಗದಿಂದ ಚರ್ಮವು ಹಬ್ಬಿತು. ಪೊರೆ, ನೊರೆಹಲಗೆ, ಜಲಪಾಕ, ಕಡಲಪಾಚಿಯ ಆಲ್ಜಿನೇಟ್ ಮೊದಲಾದ ಇಂದಿನ ಪಟ್ಟಿಗಳೆಲ್ಲ ಈ ತತ್ತ್ವದ ಸಂತಾನವೇ. ಒಣ ಗಾಜುಬಟ್ಟೆಯಾದರೋ ವ್ರಣಕ್ಕೆ ಅಂಟಿ, ಕೀಳುವಾಗ ಹೊಸ ಚರ್ಮವನ್ನೂ ಕಿತ್ತುಕೊಂಡು ಬರುತ್ತದೆ.

ಇವುಗಳಲ್ಲಿ ಹಲವು ದುಬಾರಿ. ಆದುದರಿಂದ ನಮ್ಮ ಸುತ್ತಮುತ್ತ ದೊರೆಯುವ ವಸ್ತುಗಳತ್ತ ನೋಡುವುದು ಉಚಿತ. ಕನ್ನಡಿಗರೂ ಬಹುಸಂಖ್ಯೆಯಲ್ಲಿ ನೆಲಸಿರುವ ಸೊಲ್ಲಾಪುರದಲ್ಲಿ ಶಸ್ತ್ರವೈದ್ಯ ಎಂ. ಸುಬ್ರಹ್ಮಣ್ಯಂ ಅವರು 1991ರಲ್ಲಿ ಪ್ರಕಟಿಸಿದ ಅಧ್ಯಯನವು ಇಲ್ಲಿ ಉಲ್ಲೇಖಾರ್ಹ. ಸುಟ್ಟಗಾಯದ 104 ರೋಗಿಗಳಲ್ಲಿ 52 ಮಂದಿಗೆ ಜೇನುತುಪ್ಪವನ್ನೂ ಉಳಿದವರಿಗೆ ಸಿಲ್ವರ್ ಸಲ್ಫಾಡಯಜೀನ್ ಔಷಧವನ್ನೂ ಹಚ್ಚಲಾಯಿತು. ಹದಿನೈದು ದಿನಗಳೊಳಗೆ ಮಾಯ್ದವು ಮೊದಲ ಗುಂಪಿನಲ್ಲಿ ಶೇಕಡ 87, ಎರಡನೆಯದರಲ್ಲಿ ಶೇಕಡ 10. ಜೇನಿನಲ್ಲಿ ಸಕ್ಕರೆಯ ಅಂಶ ಸುಮಾರು ಶೇಕಡ 80. ಅದು ನೀರನ್ನು ಸೆಳೆದು ರೋಗಾಣುಗಳನ್ನು ಕುಗ್ಗಿಸುತ್ತದೆ. ಅದರ ಆಮ್ಲತೆಯೂ ಸಹಾಯಕ. ವ್ರಣದ್ರವದಿಂದ ತೆಳುವಾದಾಗ ಅದರೊಳಗಿನ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವು ಅಲ್ಪ ಪ್ರಮಾಣದ ಹೈಡ್ರೋಜನ್ ಪೆರಾಕ್ಸೈಡನ್ನು ನಿಧಾನವಾಗಿ ಬಿಡುಗಡೆ ಮಾಡುವುದು ಇನ್ನೂ ಸ್ವಾರಸ್ಯಕರ.

ಆದರೆ ಸುಟ್ಟಗಾಯದ ಯಶಸ್ಸನ್ನು ಮಾಯದ ವ್ರಣಕ್ಕೆ ಹಾಗೆಯೇ ಅನ್ವಯಿಸಲಾಗದು. 2008ರಲ್ಲಿ ನ್ಯೂಜಿಲೆಂಡಿನಿಂದ ಪ್ರಕಟವಾದ, ಅಭಿಧಮನಿಯ ಹುಣ್ಣುಳ್ಳ 368 ರೋಗಿಗಳ ಪರೀಕ್ಷೆಯಲ್ಲಿ ಜೇನುಪಟ್ಟಿಯು ವಾಡಿಕೆಯ ಪಟ್ಟಿಗಳಿಗಿಂತ ಗಣನೀಯವಾಗಿ ಮೇಲೆನಿಸಲಿಲ್ಲ. ಜೇನಿನ ಸಂತೆಯ ಪ್ರಚಾರಕರು ಈ ಭಾಗವನ್ನು ಹೇಳುವುದು ಕಡಿಮೆ! ಮತ್ತೊಂದು ಎಚ್ಚರಿಕೆ: ಹಸಿ ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ರೋಗಾಣುವಿನ ಬೀಜಕಣಗಳಿರಬಹುದು. ಅವುಗಳನ್ನು ಕೊಲ್ಲುವಷ್ಟು ಕಾಯಿಸಿದರೆ ಮೇಲೆ ಹೇಳಿದ ಕಿಣ್ವವೂ ನಾಶವಾಗುತ್ತದೆ. ಗಾಮಾ ಕಿರಣಗಳಿಂದ ಶುದ್ಧಿಮಾಡಿದರೆ ಜೇನಿನ ಗುಣ ಉಳಿಯುತ್ತದೆ. ಆದ್ದರಿಂದ ತುಡುವೆಯ ಗೂಡಿನಿಂದ ಹಿಂಡಿದ ಜೇನನ್ನು ನೇರವಾಗಿ ಹುಣ್ಣಿಗೆ ಹಚ್ಚಬೇಕೆಂದು ನಾವು ಹೇಳಲಾರೆವು.

ಬಾಳೆಯ ಎಲೆಯ ಮಾತು ಬೇರೆ. ಮುಂಬಯಿಯ ವೈದ್ಯರು 2003ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಶುದ್ಧಿಗೊಳಿಸಿದ ಬಾಳೆಯೆಲೆಯ ಪಟ್ಟಿಯನ್ನು ತೆಗೆಯುವಾಗ ವ್ಯಾಸಲೀನ್ ಬಟ್ಟೆಯಷ್ಟು ನೋವಾಗಲಿಲ್ಲ. ಅದರ ನುಣುಪಾದ ಮೈ ಗಾಯಕ್ಕೆ ಅಂಟದು. ಅಡಕೆ ತೋಟದ ನಡುವೆಯೇ ಬಾಳೆ ಬೆಳೆಯುವ ನಮ್ಮ ಸೀಮೆಗೆ ಇದಕ್ಕಿಂತ ಅಗ್ಗದ ಹೊದಿಕೆ ಯಾವುದಿದ್ದೀತು? ಆದರೆ ಇದೂ ಸುಟ್ಟಗಾಯ ಮತ್ತು ಚರ್ಮ ತೆಗೆದ ಜಾಗಗಳಲ್ಲಿ ಪರೀಕ್ಷಿತವಾದುದು. ಹೆಚ್ಚು ಒಸರುವ ಹುಣ್ಣಿಗೆ ಎಲೆ ಮಾತ್ರ ಸಾಲದು. ಅದರ ಮೇಲೆ ದ್ರವವನ್ನು ಹೀರುವ ಪದರವೊಂದು ಬೇಕು.

ಪಟ್ಟಿ ಎಷ್ಟೇ ಉತ್ತಮವಾಗಿರಲಿ, ಸ್ಪರ್ಶಜ್ಞಾನವಿಲ್ಲದ ಪಾದದ ಮೇಲೆ ರೋಗಿಯು ನಡೆಯುತ್ತಲೇ ಇದ್ದರೆ ವ್ರಣ ಮಾಯದು. ವೆಲ್ಲೂರಿನಲ್ಲಿ ಕುಷ್ಠರೋಗಿಗಳಿಗೆ ಚಿಕಿತ್ಸೆ ನೀಡಿದ ಪಾಲ್ ಬ್ರ್ಯಾಂಡ್ ಅವರು, ಹುಣ್ಣಿಗೆ ಕಾರಣ ಕುಷ್ಠಾಣುವಲ್ಲ, ನೋವರಿಯದ ಪಾದದ ಮೇಲೆ ಬೀಳುವ ಒತ್ತಡವೆಂದು ತೋರಿಸಿ, ಪಾದಕ್ಕೆ ಒಪ್ಪುವ ಪ್ಲಾಸ್ಟರ್ ಅಚ್ಚಿನಿಂದ ಆ ಭಾರವನ್ನು ಹಂಚಿದರು. ರೇಣುಕಾಂಬೆಯ ಗುಡಿಗೆ ಪಾದರಕ್ಷೆ ಕಳಚಿ, ಬಿಸಿಲಿಗೆ ಕಾದ ಕಲ್ಲಿನ ಮೇಲೆ ನಡೆಯುವ ಮಧುಮೇಹಿಗೆ ಬೊಬ್ಬೆ ಎದ್ದುದು ಮನೆಗೆ ಬಂದಮೇಲೆಯೇ ತಿಳಿಯಬಹುದು.

ಮಲೆನಾಡಿಗೆ ಒದಗುವ ಪಟ್ಟಿಯಲ್ಲಿ ನಾವು ಅಪೇಕ್ಷಿಸುವುದಿಷ್ಟು: ಮಳೆಯ ತೇವದಲ್ಲಿಯೂ ಮೂರುನಾಲ್ಕು ದಿನ ಕಳಚದೆ ನಿಲ್ಲಬೇಕು, ಒಸರನ್ನು ಹೀರಿಯೂ ವ್ರಣವನ್ನು ಒಣಗಿಸಬಾರದು, ಮನೆಯವರೇ ಬದಲಿಸುವಂತಿರಬೇಕು. ಪರೀಕ್ಷಿಸುವ ಕ್ರಮ ಸರಳವೇ. ಪಾರದರ್ಶಕ ಹಾಳೆಯ ಮೇಲೆ ವ್ರಣದ ಅಂಚನ್ನು ವಾರಕ್ಕೊಮ್ಮೆ ಬರೆದುಕೊಂಡು ವಿಸ್ತಾರವನ್ನು ಅಳೆಯುವುದು. ನಾಲ್ಕು ವಾರಗಳಲ್ಲಿ ಮಧುಮೇಹಿಯ ಪಾದದ ಹುಣ್ಣು ಅರ್ಧದಷ್ಟಾದರೂ ಕುಗ್ಗದಿದ್ದರೆ, ಪಟ್ಟಿಯನ್ನು ಮಾತ್ರವಲ್ಲ, ರಕ್ತಸಂಚಾರವನ್ನೂ ಮೂಳೆಯ ಸೋಂಕನ್ನೂ ಮತ್ತೆ ಪರಿಶೀಲಿಸಬೇಕು.