ಮಲಗಬೇಕಾದ ದಿನ ಮಲಗಲೇ ಇಲ್ಲ!

ಬೆಂಗಳೂರಿನಿಂದ ಊಟಿಗೆ ಸೈಕಲ್ ಸವಾರಿ. ಹನ್ನೊಂದು ಜನರ ಗುಂಪು. ಇಡೀ ದಾರಿಯಲ್ಲಿ ನಾವು ಬಾಯಿ ಬಿಟ್ಟುಕೊಂಡು ನಿಂತ ದಿನ ಯಾವುದು, ಊಹಿಸಿ! ಬಂಡೀಪುರದ ಕಾಡು ದಾಟಿದ ದಿನವೇ? ಅಲ್ಲ. ಕಲ್ಲಟ್ಟಿ ಏರಿನಲ್ಲಿ ಏದುಸಿರು ಬಿಟ್ಟ ದಿನವೇ? ಊಹೂಂ.

ಪೆಡಲ್ ಮುಟ್ಟುವುದಿಲ್ಲ ಎಂದು ಆಣೆ ಇಟ್ಟುಕೊಂಡಿದ್ದ ದಿನ! ನಂಜನಗೂಡಿನ ರೆಸ್ಟ್ ಡೇ!

ತೊಡೆ ಕಲ್ಲಾಗಿತ್ತು. ಮೀನಖಂಡ ಹಿಡಿದುಕೊಂಡಿತ್ತು. ಬಟ್ಟೆ ಒಗೆಯುವುದು, ಚೈನಿಗೆ ಎಣ್ಣೆ ಬಿಡುವುದು, ಮಿಕ್ಕ ಹೊತ್ತೆಲ್ಲ ಗೊರಕೆ. ಇಷ್ಟೇ ಲೆಕ್ಕಾಚಾರ. ಕೆಡಿಸಿದ್ದು ಕಾಫಿ! ಕಾಫಿ ಹುಡುಕಿಕೊಂಡು ಹೊರಟವರು ಕಪಿಲೆಯ ದಡಕ್ಕೆ ಬಂದು ನಿಂತೆವು. ಎದುರಿಗೊಂದು ಹಳೇ ಸೇತುವೆ.

ಎಷ್ಟು ಹಳೆಯದು, ಹೇಳಿ ನೋಡೋಣ? ಬ್ರಿಟಿಷರ ಕಾಲದ್ದೇ? ಇನ್ನೂ ಹಿಂದೆ. ಟಿಪ್ಪುವಿನದೇ? ಟಿಪ್ಪು ಹುಟ್ಟಿಯೇ ಇರಲಿಲ್ಲ!

1735! ದಳವಾಯಿ ದೇವರಾಜಯ್ಯ ಕಟ್ಟಿಸಿದ್ದು. ಆಗ ಜಗತ್ತಿನಲ್ಲಿ ಸೈಕಲ್ಲೇ ಇರಲಿಲ್ಲ ಸ್ವಾಮಿ! ಜರ್ಮನಿಯ ಕಾರ್ಲ್ ಡ್ರೈಸ್ ಎರಡು ಚಕ್ರದ ಮರದ ಗಾಡಿ ಓಡಿಸಿದ್ದು 1817ರಲ್ಲಿ. ಅದಕ್ಕೂ ಪೆಡಲ್ ಇಲ್ಲ, ನೆಲ ಒದ್ದು ಓಡಿಸಬೇಕು. ಅಷ್ಟು ಹೊತ್ತಿಗೆ ಈ ಸೇತುವೆಗೆ 82 ವರ್ಷ!

ತಡೆಯಿರಿ, ಮುಗಿದಿಲ್ಲ. ಇದರ ಮೇಲೆ ರೈಲು ಓಡಿದೆ! ಭಾರತಕ್ಕೆ ಮೊದಲ ಪ್ರಯಾಣಿಕರ ರೈಲು ಬಂದದ್ದು 1853ರಲ್ಲಿ. ರೈಲಿನ ಕನಸೂ ಇಲ್ಲದ ಕಾಲದಲ್ಲಿ ಎದ್ದ ಕಮಾನುಗಳು, ಮುಂದೆ ಮೀಟರ್‌ಗೇಜ್ ಹಳಿ ಹೊತ್ತು ಉಗಿಬಂಡಿ ದಾಟಿಸಿದವು. ಬ್ರಾಡ್‌ಗೇಜ್ ಬರುವವರೆಗೂ ದಾಟಿಸಿದವು!

ಇನ್ನು ನಿದ್ದೆ ಎಲ್ಲಿಂದ ಬರಬೇಕು?

ದಿನಗಟ್ಟಲೆ ಹ್ಯಾಂಡಲ್ ಮೇಲೆ ಬಾಗಿದ್ದ ಕತ್ತು ನಂಜುಂಡೇಶ್ವರನ ಗೋಪುರದ ಮುಂದೆ ಮೊದಲ ಸಲ ಮೇಲೆದ್ದಿತು. 120 ಅಡಿ! ಈ ದೇವರಿಗೆ ಹಕೀಮ್ ನಂಜುಂಡ ಎಂಬ ಹೆಸರು ಯಾಕೆ ಗೊತ್ತೇ? ಟಿಪ್ಪುವಿನ ಆನೆಯ ಕಣ್ಣುಬೇನೆ ಇಲ್ಲಿನ ಹರಕೆಯಿಂದ ವಾಸಿಯಾಯಿತಂತೆ. ಅದಕ್ಕೇ ಸುಲ್ತಾನ ಪಚ್ಚೆ ಲಿಂಗ ಕೊಟ್ಟನೆಂದು ಪ್ರತೀತಿ.

ಆಮೇಲೆ ರಸಬಾಳೆ! ಸೈಕಲ್ ತುಳಿಯುವವರ ಪೆಟ್ರೋಲೇ ಬಾಳೆಹಣ್ಣು. ಪನಾಮಾ ಸೊರಗು ರೋಗ ಬಡಿದು ತೋಟಗಳು ಕಡಿಮೆಯಾಗಿವೆ, ಕಂಡಾಗ ಬಿಡಬಾರದು. ಒಂದು ಚಿಪ್ಪು ಕಣ್ಣು ಮುಚ್ಚಿ ಬಿಡುವುದರಲ್ಲಿ ಖಾಲಿ!

ಮಧ್ಯಾಹ್ನ ಬಸ್ ಹತ್ತಿದೆವು. ಪೆಡಲ್ ಮುಟ್ಟಲಿಲ್ಲ ನೋಡಿ, ಆಣೆ ಆಣೆಯೇ. ಇಳಿದದ್ದು ಟಿ. ನರಸೀಪುರದಲ್ಲಿ. ತಿರುಮಕೂಡಲು! ಕಾವೇರಿಗೆ ಕಪಿಲೆ ಬಂದು ಸೇರುವ ಜಾಗ. ಸಂಗಮದ ಮೂರನೆಯದು ಸ್ಫಟಿಕ ಸರೋವರವಂತೆ, ಕಣ್ಣಿಗೆ ಕಾಣದ್ದು. 1989ರಿಂದ ಇಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳ.

ಕಾಶಿಗಿಂತ ಈ ಕ್ಷೇತ್ರ ಎಷ್ಟು ಹೆಚ್ಚು? ಅಳತೆ ಇದೆ! ಇಲ್ಲಿನ ಗುಡಿಯ ಗುಂಜಾ ನರಸಿಂಹಸ್ವಾಮಿಯನ್ನು ಕೇಳಿ. ಒಂದು ಗುಲಗಂಜಿ ತೂಕ ಹೆಚ್ಚು! ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಅದೇ ಕೆಂಪು ಬೀಜ. ನಮ್ಮವನೊಬ್ಬ ಸೈಕಲ್ಲಿನ ತೂಕ ಇನ್ನೂರು ಗ್ರಾಂ ಇಳಿಸಲು ಸಾವಿರಾರು ರೂಪಾಯಿ ಸುರಿದಿದ್ದ. ಗುಲಗಂಜಿಯ ಲೆಕ್ಕ ಕೇಳಿ ತೆಪ್ಪಗಾದ.

ಈಗ ಅಸಲು ವಿಷಯ. ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೇನೆ.

1960ರ ಆಸುಪಾಸಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿ ಅವರು ಈ ಊರಲ್ಲಿ ನೆಲ ಅಗೆಸಿದರು. ಸಿಕ್ಕಿದ್ದು ನವಶಿಲಾಯುಗದ ನೆಲೆ! ಕಲ್ಲಿನ ಕೊಡಲಿ, ಮಡಕೆ ಚೂರು ಎಲ್ಲ ಕಡೆಯೂ ಸಿಗುತ್ತವೆ ಬಿಡಿ. ಇಲ್ಲಿ ಸಿಕ್ಕ ಇನ್ನೊಂದು ವಸ್ತು ಏನು? ಆಯುಧವೇ? ಅಲ್ಲ. ಆಭರಣವೇ? ಅಲ್ಲ. ದೇವರೇ? ಅಲ್ಲ!

ದಿಂಬು! ಹೌದು, ತಲೆದಿಂಬು! ಮಲಗಿದಾಗ ತಲೆಗೆ ಆಸರೆ ಕೊಡುವ ಸುಟ್ಟ ಮಣ್ಣಿನ ದಿಂಬು! ಪ್ರಾಚೀನ ಈಜಿಪ್ಟಿನವರೂ ಇಂಥ ತಲೆಯಾಸರೆ ಇಟ್ಟು ಮಲಗುತ್ತಿದ್ದರು.

ಕಬ್ಬಿಣ ಕಂಡಿರಲಿಲ್ಲ. ಕಲ್ಲು ಉಜ್ಜಿ ಕೊಡಲಿ ಮಾಡುತ್ತಿದ್ದ ಜನ. ದಿನವಿಡೀ ಮೈಮುರಿಯುವ ದುಡಿಮೆ. ಆದರೂ ಸುಮಾರು 3,500 ವರ್ಷದ ಹಿಂದೆ, ಇದೇ ಎರಡು ಹೊಳೆಗಳ ನಡುವೆ, ಯಾರೋ ಕೂತು ಮಣ್ಣು ಕಲಸಿದ್ದಾರೆ. ತಿದ್ದಿದ್ದಾರೆ. ಸುಟ್ಟಿದ್ದಾರೆ. ಯಾತಕ್ಕೆ? ನೆಮ್ಮದಿಯಾಗಿ ತಲೆ ಇಡಲಿಕ್ಕೆ!

ನಾವು? ರಾತ್ರಿ ಹತ್ತಕ್ಕೆ ಹೋಟೆಲ್ ಕೋಣೆ ಸೇರಿ, ಹತ್ತಿಯ ದಿಂಬು ಕಂಡಿದ್ದೇ ತಡ, ಬಿದ್ದುಕೊಂಡೆವು. ಬೆಳಗ್ಗೆ ಐದಕ್ಕೆ ಗುಂಡ್ಲುಪೇಟೆ ದಾರಿ.

ಊಟಿಗೆ ತುಳಿಯುವವರಿದ್ದರೆ ಈ ಎರಡು ಊರಿಗೊಂದು ದಿನ ಎತ್ತಿಡಿ. ಸಂಗಮದಲ್ಲಿ ಮಾತ್ರ ಆಳಕ್ಕೆ ಇಳಿಯಬೇಡಿ, ಸುಳಿ ಇದೆ.