ರೂಮಿಗೊಂದು ಪ್ರೊಜೆಕ್ಟರ್: ಡಬ್ಬ ನೋಡುವ ಮುಂಚೆ ಗೋಡೆ ನೋಡಿ

ಶಾರ್ಜಾದ ನಮ್ಮ ರೂಮಿನಲ್ಲಿ ನಾವು ಆರು ಮಂದಿ. ಮೂರು ಬಂಕ್ ಬೆಡ್, ಒಂದು ಕಬಾಟು, ಒಂದು ಫ್ರಿಜ್ಜು. ಟಿವಿ ಇಡೋಣ ಅಂದರೆ ಮೇಜಿಗೆ ಜಾಗ ಇಲ್ಲ. ಗೋಡೆಗೆ ಹೊಡೆಯೋಣ ಅಂದರೆ ಡೆಪಾಸಿಟ್ಟಿನಲ್ಲಿ ಹಿಡಿದುಕೊಳ್ಳುತ್ತಾರೆ. ಹಾಗಾಗಿ ಒಂದೇ ಮ್ಯಾಚನ್ನು ಆರು ಮೊಬೈಲಿನಲ್ಲಿ ಮಲಗಿಕೊಂಡು ನೋಡುತ್ತಿದ್ದೆವು. ಕೆಳಗಿನ ಬೆಡ್ಡಿನವನು ವಿಕೆಟ್ ಬಿತ್ತು ಅಂತ ಕೂಗುವಾಗ ಮೇಲಿನವನ ಮೊಬೈಲಿನಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿದ್ದ!

ಕೊನೆಗೆ ತಲಾ 25 ದಿರ್ಹಮ್ ಹಾಕಿ 150 ದಿರ್ಹಮಿನ ಒಂದು ಪ್ರೊಜೆಕ್ಟರ್ ತಂದೆವು. ಡಬ್ಬದ ಮೇಲೆ 9000 ಲುಮೆನ್, 4ಕೆ ಅಂತ ದೊಡ್ಡದಾಗಿ ಬರೆದಿತ್ತು. ರಾತ್ರಿ ಲೈಟ್ ಆರಿಸಿ ಹಾಕಿದರೆ ಸ್ಕೋರ್ ಓದಲಿಕ್ಕೆ ಗೋಡೆಯ ಹತ್ತಿರ ಹೋಗಬೇಕಾಯಿತು. ಎರಡೇ ತಿಂಗಳಲ್ಲಿ ಚಿತ್ರದ ನಡುವೆ ಮಬ್ಬು ಕಲೆ. ಅಂಗಡಿಗೆ ಹೋದರೆ ಬಿಲ್ ಎಲ್ಲಿ ಅಂತ ಕೇಳಿದರು. ಬಿಲ್ ನಾವು ತೆಗೆದುಕೊಂಡೇ ಇರಲಿಲ್ಲ. ದುಡ್ಡು ಸಣ್ಣದಿರಬಹುದು, ಆದರೆ ಅದು ಓಟಿ ಮಾಡಿದ ದುಡ್ಡು.

ಆಮೇಲೆ ಕೆಲವು ತಿಂಗಳು ವಿಚಾರಿಸಿ, ತಲಾ 90 ಹಾಕಿ, 540 ದಿರ್ಹಮಿನದ್ದು ತಂದೆವು. ಅದು ಬಂದು ಒಂದು ವರ್ಷ ದಾಟಿತು, ಚೆನ್ನಾಗಿಯೇ ಇದೆ. ಮೊದಲನೆಯದರಲ್ಲಿ ಎಲ್ಲಿ ತಪ್ಪಿದೆವು, ಎರಡನೆಯದಕ್ಕೆ ಏನು ನೋಡಿದೆವು ಅನ್ನುವುದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಮೊದಲು ಟೇಪು ಹಿಡಿಯಿರಿ

ಪ್ರೊಜೆಕ್ಟರಿಗೆ ಖಾಲಿ ಗೋಡೆ ಬೇಕು, ಎದುರಿಗೆ ದೂರವೂ ಬೇಕು. 60 ಇಂಚಿನ ಚಿತ್ರದ ಅಗಲ ಸುಮಾರು 133 ಸೆಂಟಿಮೀಟರ್, 80 ಇಂಚಿನದ್ದು 177, 100 ಇಂಚಿನದ್ದು 221. ಎಷ್ಟು ದೂರ ಇಡಬೇಕು ಅನ್ನುವುದಕ್ಕೆ 'ಥ್ರೋ ರೇಶಿಯೋ' ಅಂತ ಒಂದು ಅಂಕಿ ಕೊಟ್ಟಿರುತ್ತಾರೆ. ಅದನ್ನು ಚಿತ್ರದ ಅಗಲಕ್ಕೆ ಗುಣಿಸಿದರೆ ದೂರ ಸಿಕ್ಕಿತು. ಉದಾಹರಣೆಗೆ 1.3 ಇದ್ದರೆ 80 ಇಂಚಿಗೆ ಸುಮಾರು ಏಳೂವರೆ ಅಡಿ, 100 ಇಂಚಿಗೆ ಸುಮಾರು ಒಂಬತ್ತೂವರೆ ಅಡಿ ಬೇಕು. ಬಂಕ್ ಬೆಡ್ ಕಳೆದು ಉಳಿದ ಜಾಗ ಅಳೆದಾಗ ನಮ್ಮ ರೂಮಿಗೆ 80 ಇಂಚೇ ಹೆಚ್ಚು ಅಂತ ಗೊತ್ತಾಯಿತು. 200 ಇಂಚು ಬರುತ್ತೆ ಅಂತ ಅಂಗಡಿಯಲ್ಲಿ ಹೇಳಿದ್ದು ನಮಗೆ ಉಪಯೋಗಕ್ಕೆ ಬರುವ ಮಾತೇ ಆಗಿರಲಿಲ್ಲ.

ಪ್ರೊಜೆಕ್ಟರನ್ನು ಗೋಡೆಗೆ ನೇರವಾಗಿ ಇಡುವ ಜಾಗವನ್ನೂ ಮೊದಲೇ ಗುರುತು ಮಾಡಿಕೊಳ್ಳಿ. ಓರೆಯಾಗಿ ಇಟ್ಟರೂ ಚೌಕ ಮಾಡಿಕೊಳ್ಳುವ 'ಕೀಸ್ಟೋನ್' ಸೌಲಭ್ಯ ಇರುತ್ತದೆ, ನಿಜ. ಆದರೆ ಅದನ್ನು ಜಾಸ್ತಿ ತಿರುಗಿಸಿದಷ್ಟೂ ಅಕ್ಷರ ಮಸುಕಾಗುತ್ತದೆ.

ಲುಮೆನ್ ಅಂದರೆ ಎಲ್ಲಾ ಒಂದೇ ಅಲ್ಲ

ಬೆಳಕಿನ ಅಳತೆ ಲುಮೆನ್. ನಾವು ಮೋಸ ಹೋದದ್ದು ಇಲ್ಲೇ. ಬರೀ 'ಲುಮೆನ್' ಅಥವಾ 'ಎಲ್‌ಇಡಿ ಲುಮೆನ್' ಅಂತ ಬರೆದಿದ್ದರೆ ಅದನ್ನು ಹೇಗೆ ಅಳೆದರು ಅನ್ನುವುದಕ್ಕೆ ಆಧಾರ ಇಲ್ಲ. 'ಆನ್ಸಿ ಲುಮೆನ್' ಅಂತ ಇದ್ದರೆ, ಪರದೆಯ ಮೇಲೆ ಒಂಬತ್ತು ಜಾಗದಲ್ಲಿ ಬೆಳಕು ಅಳೆದು ಸರಾಸರಿ ತೆಗೆದ ಲೆಕ್ಕ ಅದು. ಐಎಸ್‌ಒ 21118 ಅನ್ನುವ ಮಾನಕವೂ ಇದೆ. ಈ ಎರಡರಲ್ಲಿ ಒಂದರ ಹೆಸರಿರುವ ಅಂಕಿಯನ್ನೇ ನೋಡಿ. ಕಡಿಮೆ ಬೆಲೆಯ ಡಬ್ಬದಲ್ಲಿ 200, 300 ಆನ್ಸಿ ಅಂತ ಸಣ್ಣ ಅಂಕಿ ಕಂಡರೆ ಮುಖ ತಿರುಗಿಸಬೇಡಿ. ಆಧಾರವಿಲ್ಲದ 9000ಕ್ಕಿಂತ ಆ 250 ಎಷ್ಟೋ ವಾಸಿ.

ಚಿತ್ರ ದೊಡ್ಡದಾದಷ್ಟೂ ಅದೇ ಬೆಳಕು ಹರಡಿ ತೆಳುವಾಗುತ್ತದೆ. 60 ಇಂಚಿನ ಚಿತ್ರ ಸುಮಾರು ಒಂದು ಚದರ ಮೀಟರ್, 100 ಇಂಚಿನದ್ದು ಮುಕ್ಕಾಲು ಕಡಿಮೆ ಮೂರು ಅಲ್ಲ, ಎರಡೂ ಮುಕ್ಕಾಲು ಚದರ ಮೀಟರ್. ಅಂದರೆ 100 ಇಂಚನ್ನು 60ಕ್ಕೆ ಇಳಿಸಿದರೆ ಬೆಳಕು ಹತ್ತಿರ ಹತ್ತಿರ ಮೂರು ಪಟ್ಟು. ದುಡ್ಡು ಹಾಕದೆ ಸಿಗುವ ಬೆಳಕು ಇದು. ನಮ್ಮ 250 ಆನ್ಸಿಯದ್ದು ಕತ್ತಲಲ್ಲಿ 70 ಇಂಚಿಗೆ ಚೆನ್ನಾಗಿ ಕಾಣುತ್ತದೆ.

ಕತ್ತಲಲ್ಲಿ ಅನ್ನುವ ಮಾತನ್ನು ಮರೆಯಬೇಡಿ. ಊರಿನಲ್ಲಿ ಏಳೂವರೆಗೆ ಶುರುವಾಗುವ ಐಪಿಎಲ್ ಮ್ಯಾಚು ಇಲ್ಲಿ ಆರು ಗಂಟೆಗೆ. ಏಪ್ರಿಲ್, ಮೇ ತಿಂಗಳಲ್ಲಿ ಆ ಹೊತ್ತಿಗೆ ಸೂರ್ಯ ಮುಳುಗಿರುವುದಿಲ್ಲ. ಕಿಟಕಿಗೆ ದಪ್ಪ ಕರ್ಟನ್ ಹಾಕದಿದ್ದರೆ ಮೊದಲ ಓವರುಗಳು ಗೋಡೆಯ ಮೇಲೆ ಕಾಣುವುದೇ ಇಲ್ಲ. ಪ್ರೊಜೆಕ್ಟರಿನ ಬಜೆಟ್ಟಿನಲ್ಲೇ ಕರ್ಟನ್ನಿಗೂ ಸ್ವಲ್ಪ ತೆಗೆದಿಡಿ. ಪರದೆಗೆ ಖರ್ಚು ಬೇಡ. ಹೊಳಪಿಲ್ಲದ ಬಿಳಿ ಗೋಡೆ ಸಾಕು, ಇಲ್ಲಾಂದ್ರೆ ಇಸ್ತ್ರಿ ಮಾಡಿ ಬಿಗಿಯಾಗಿ ಎಳೆದು ಕಟ್ಟಿದ ದಪ್ಪ ಬಿಳಿ ಬೆಡ್‌ಶೀಟ್.

ಒತ್ತಕ್ಷರದ ಪರೀಕ್ಷೆ

'4ಕೆ ಸಪೋರ್ಟ್' ಅಂದರೆ 4ಕೆ ವಿಡಿಯೋ ಕೊಟ್ಟರೆ ಅದು ಓಡುತ್ತದೆ ಅಂತ ಮಾತ್ರ. ತೋರಿಸುವುದು ಅದರ ಸ್ವಂತ ಶಕ್ತಿಗೆ ತಕ್ಕಂತೆ. 'ನೇಟಿವ್ ರೆಸಲ್ಯೂಶನ್' ಎಷ್ಟು ಅಂತ ಕೇಳಿ. 1920×1080 ಇದ್ದರೆ ಉತ್ತಮ, 1280×720 ಪರವಾಗಿಲ್ಲ, 800×480 ಇದ್ದರೆ ಬಿಟ್ಟುಬಿಡಿ.

ಬಾಯಿಮಾತು ನಂಬದೆ ನಾವು ಪೆನ್‌ಡ್ರೈವಿನಲ್ಲಿ ಕನ್ನಡ ಪತ್ರಿಕೆಯ ಒಂದು ಪುಟದ ಚಿತ್ರ ಹಾಕಿಕೊಂಡು ಹೋಗಿದ್ದೆವು. ನಡುವೆ ಚೆನ್ನಾಗಿ ಕಂಡರೆ ಸಾಲದು, ನಾಲ್ಕು ಮೂಲೆಯಲ್ಲೂ ಒತ್ತಕ್ಷರ ಬಿಡಿಸಿ ಓದಲು ಬರಬೇಕು. ನಾವು ನೋಡಿದ ಮೊದಲ ಎರಡು ಇದರಲ್ಲೇ ಬಿದ್ದವು. ಹಾಕಿ ತೋರಿಸಲು ಒಪ್ಪದ ಅಂಗಡಿಯಲ್ಲಿ ವ್ಯಾಪಾರವೇ ಬೇಡ.

ಧೂಳು, ಸದ್ದು, ವೈರು

ಇಲ್ಲಿಯ ಮರಳಿನ ಧೂಳು ಬಾಗಿಲು ಮುಚ್ಚಿದರೂ ಒಳಗೆ ಬರುತ್ತದೆ. ಕಡಿಮೆ ಬೆಲೆಯ ಎಷ್ಟೋ ಪ್ರೊಜೆಕ್ಟರುಗಳಲ್ಲಿ ಫ್ಯಾನಿನ ಗಾಳಿ ಒಳಗಿನ ಗಾಜಿನ ಮೇಲೆಯೇ ಹಾಯುತ್ತದೆ. ಧೂಳು ಕೂತರೆ ಅದೇ ಗೋಡೆಯ ಮೇಲೆ ದೊಡ್ಡ ಕಲೆ. ನಮ್ಮ ಮೊದಲನೆಯದು ಹಾಳಾದದ್ದು ಹೀಗೆ. 'ಸೀಲ್ಡ್ ಆಪ್ಟಿಕಲ್ ಎಂಜಿನ್' ಇರುವುದನ್ನು ಕೇಳಿ. ಕೆಲಸ ಮುಗಿದು ತಣ್ಣಗಾದ ಮೇಲೆ ಬಟ್ಟೆ ಮುಚ್ಚಿಡಿ, ಓಡುವಾಗ ಗಾಳಿ ಕಿಂಡಿಗೆ ಏನನ್ನೂ ಅಡ್ಡ ಇಡಬೇಡಿ.

ಆಪ್ ಒಳಗೇ ಇದೆ ಅಂದರೂ ನಂಬಬೇಡಿ. ನೀವು ದುಡ್ಡು ಕಟ್ಟಿರುವ ಆಪ್ ಅದರಲ್ಲಿ ಓಡುತ್ತದೆಯೇ ಅಂತ ಅಲ್ಲೇ ಲಾಗಿನ್ ಆಗಿ ನೋಡಿ, ನೋಡಿದ ಮೇಲೆ ಲಾಗೌಟ್ ಮಾಡಿ. ಮೊಬೈಲಿನಿಂದ ಗೋಡೆಗೆ ಕಳಿಸಿದರೆ ಕೆಲವು ಆಪ್‌ಗಳಲ್ಲಿ ಸದ್ದು ಮಾತ್ರ ಬಂದು ಚಿತ್ರ ಕಪ್ಪಾಗುತ್ತದೆ. ಎಚ್‌ಡಿಎಂಐ ಕಿಂಡಿ ಇದ್ದರೆ ಟಿವಿ ಸ್ಟಿಕ್ ಹಾಕಿ ಬಚಾವಾಗಬಹುದು. ಸ್ಪೀಕರಿಗೆ ವೈರೇ ಒಳ್ಳೆಯದು. ಬ್ಲೂಟೂತಿನಲ್ಲಿ ತುಟಿ ಅಲ್ಲಾಡಿದ ಮೇಲೆ ಮಾತು ಬರುವುದುಂಟು.

ಸೆಕೆಂಡ್‌ಹ್ಯಾಂಡ್ ಆಫೀಸು ಪ್ರೊಜೆಕ್ಟರುಗಳೂ ಸಿಗುತ್ತವೆ, ಬೆಳಕು ಭರ್ಜರಿ. ಆದರೆ ಹಳೆಯವಕ್ಕೆ ಲ್ಯಾಂಪ್ ಇರುತ್ತದೆ. ಅದರ ಆಯುಸ್ಸು ಸಾಮಾನ್ಯವಾಗಿ ಕೆಲವೇ ಸಾವಿರ ಗಂಟೆ, ಹೊಸ ಲ್ಯಾಂಪ್ ದುಬಾರಿ. ಮೆನು ತೆರೆದು ಎಷ್ಟು ಗಂಟೆ ಓಡಿದೆ ಅಂತ ನೋಡದೆ ತೆಗೆದುಕೊಳ್ಳಬೇಡಿ.

ರೂಮಿನವರ ಮಾತು

ಇದನ್ನು ಕೊನೆಗೆ ಬರೆದರೂ ಮಾಡಬೇಕಾದದ್ದು ಮೊದಲು. ಕ್ಯಾಂಪಿನಲ್ಲಿ ಇದ್ದರೆ ಕ್ಯಾಂಪ್ ಬಾಸನ್ನು ಕೇಳಿ. ನಮ್ಮಲ್ಲಿ ಒಬ್ಬರಿಗೆ ಬೆಳಗಿನ ನಾಲ್ಕಕ್ಕೆ ಬಸ್ಸು. ಅವರು ಮೊದಲ ದಿನವೇ ಹೇಳಿದರು: "ದುಡ್ಡು ಹಾಕ್ತೇನೆ ಮಾರಾಯ್ರೇ, ಆದ್ರೆ ನನ್ನ ನಿದ್ದೆ ಮಾತ್ರ ಕೇಳ್ಬೇಡಿ." ಅವತ್ತೇ ತೀರ್ಮಾನ ಆಯಿತು: ಡ್ಯೂಟಿ ದಿನ ಒಂಬತ್ತೂವರೆಗೆ ಬಂದ್, ರಜೆಯ ಹಿಂದಿನ ರಾತ್ರಿ ಮಾತ್ರ ಪೂರ್ತಿ ಸಿನಿಮಾ. ಯಾರಾದರೂ ಮನೆಗೆ ವಿಡಿಯೋ ಕಾಲ್ ಮಾಡುವಾಗ ಸದ್ದು ಇಳಿಸಬೇಕು. ಹೆಂಡತಿ ಮಕ್ಕಳ ಮಾತಿಗಿಂತ ಮ್ಯಾಚು ದೊಡ್ಡದಲ್ಲ.

ದುಡ್ಡಿನ ಲೆಕ್ಕವನ್ನೂ ಬರೆದಿಟ್ಟೆವು. ಒಬ್ಬೊಬ್ಬರ 90 ದಿರ್ಹಮನ್ನು ಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 30 ಕಳೆಯುತ್ತದೆ. ಕಳೆದ ತಿಂಗಳು ಒಬ್ಬರು ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಟರು. ಅವರಿಗೆ 60 ವಾಪಸ್ ಸಿಕ್ಕಿತು, ಅವರ ಬೆಡ್ಡಿಗೆ ಬಂದವರು ಆ 60 ಕೊಟ್ಟರು. ಜಗಳ ಇಲ್ಲ, ಬೇಸರ ಇಲ್ಲ.

ಒಂದು ಮಾತು ಮುಚ್ಚುಮರೆ ಇಲ್ಲದೆ ಹೇಳುತ್ತೇವೆ. ಗೋಡೆಗೆ ಟಿವಿ ಹಾಕಲು ಬಿಡುವ ರೂಮಾದರೆ, ಹಗಲಲ್ಲೂ ನೋಡುವವರಾದರೆ, ಇದೇ ದುಡ್ಡಿಗೆ ಸಾಧಾರಣ ಟಿವಿ ತೆಗೆದುಕೊಳ್ಳುವುದೇ ಜಾಣತನ. ಆಗಾಗ ರೂಮು ಬದಲಾಯಿಸುವ, ರಾತ್ರಿ ಮಾತ್ರ ಬಿಡುವು ಸಿಗುವ ನಮ್ಮಂಥವರಿಗೆ ಚೀಲದಲ್ಲಿ ಹಿಡಿಯುವ ಪ್ರೊಜೆಕ್ಟರ್ ಸರಿ.

ಅಂಗಡಿಗೆ ಹೋಗುವಾಗ ಚೀಟಿಯಲ್ಲಿ ಬರೆದುಕೊಳ್ಳಿ: ಆನ್ಸಿ ಲುಮೆನ್ ಎಷ್ಟು? ನೇಟಿವ್ ಎಷ್ಟು? ಥ್ರೋ ರೇಶಿಯೋ ಎಷ್ಟು? ಸೀಲ್ಡ್ ಹೌದೋ ಅಲ್ಲವೋ? ವಾಪಸ್ ಕೊಡಲು ಎಷ್ಟು ದಿನ? ಮತ್ತೆ, ಬಿಲ್ ಕೈಗೆ ಬರುವ ತನಕ ದುಡ್ಡು ಕೈಬಿಡಬೇಡಿ.