ಬೆರಳಿಗೂ ಬೇಕು ಕನ್ನಡ ಪಠ್ಯಪುಸ್ತಕ

ಶಾಲೆ ತೆರೆಯುವಾಗ ಕನ್ನಡ ಪಠ್ಯಪುಸ್ತಕಗಳು ಸಕಾಲದಲ್ಲಿ ಕೈಸೇರಬೇಕೆಂಬುದು ಗಡಿನಾಡ ಕನ್ನಡಿಗರೆಲ್ಲರ ಅಪೇಕ್ಷೆ. ಕಣ್ಣು ಕಾಣದ ಕನ್ನಡ ಮಗುವಿಗೂ ಈ ಮಾತು ಅನ್ವಯಿಸಬೇಡವೇ? ಆ ಮಗು ಓದುವುದು ಬೆರಳ ತುದಿಯಿಂದ, ಬ್ರೈಲ್ ಲಿಪಿಯಲ್ಲಿ. ಅಚ್ಚಿನ ಪುಸ್ತಕ ಬಂದ ಮಾತ್ರಕ್ಕೆ ಅದಕ್ಕೆ ಪುಸ್ತಕ ಬಂದಂತಾಗಲಿಲ್ಲ.

ಫ್ರಾನ್ಸಿನ ಲೂಯಿ ಬ್ರೈಲ್ (1809-1852) ರೂಪಿಸಿದ ಈ ಲಿಪಿಯಲ್ಲಿ ಒಂದೊಂದು ಮನೆಗೆ ಆರು ಚುಕ್ಕೆಗಳ ಸ್ಥಾನ. ಯಾವ ಚುಕ್ಕೆಗಳು ಉಬ್ಬಿವೆ ಎಂಬುದರಿಂದ ಅಕ್ಷರ ತಿಳಿಯುತ್ತದೆ. 1951ರಲ್ಲಿ ಭಾರತೀಯ ಭಾಷೆಗಳಿಗೆ ಸಮಾನವಾದ 'ಭಾರತಿ ಬ್ರೈಲ್' ಅಂಗೀಕಾರವಾಯಿತು. ಅದರಂತೆ ಕನ್ನಡದ 'ಕ'ಕಾರಕ್ಕೂ ಮಲಯಾಳದ 'ಕ'ಕಾರಕ್ಕೂ ಒಂದೇ ಗುರುತು: 1 ಮತ್ತು 3ನೆಯ ಚುಕ್ಕೆ. ಕಣ್ಣಿಗೆ ಬೇರೆಯಾಗಿ ಕಾಣುವ ಎರಡು ಲಿಪಿಗಳು ಬೆರಳಿಗೆ ಒಂದೇ. ಮಲಯಾಳ ಬ್ರೈಲ್ ಬಲ್ಲ ಅಧ್ಯಾಪಕರಿಗೆ ಕನ್ನಡದ ಚುಕ್ಕೆಗಳು ಅಪರಿಚಿತವಲ್ಲ. ತೊಡಕಿರುವುದು ಪುಸ್ತಕವನ್ನು ಸಿದ್ಧಪಡಿಸುವಲ್ಲಿ.

ಹಿಂದೆ ಒಂದೊಂದೇ ಚುಕ್ಕೆಯನ್ನು ಕೈಯಿಂದ ಒತ್ತಿ ಪುಸ್ತಕ ಬರೆಯಬೇಕಿತ್ತು. ಈಗ ಪಠ್ಯದ ಕಡತವನ್ನು ಕಂಪ್ಯೂಟರಿಗೆ ಕೊಟ್ಟರೆ ಅದು ಬ್ರೈಲಿಗೆ ಪರಿವರ್ತಿಸುತ್ತದೆ. ಇನ್ನೊಂದು ಯಂತ್ರ ದಪ್ಪ ಕಾಗದದ ಮೇಲೆ ಚುಕ್ಕೆಗಳನ್ನು ಉಬ್ಬಿಸುತ್ತದೆ. ಆದರೆ ಕಡತ ಸರಿಯಾಗಿರಬೇಕು. 'ನುಡಿ'ಯ ಹಳೆಯ ಅಕ್ಷರ ವಿನ್ಯಾಸದಲ್ಲಿ ಟೈಪು ಮಾಡಿದ್ದರೆ ಪರದೆಯ ಮೇಲೆ 'ಕ' ಕಂಡರೂ ಯಂತ್ರದೊಳಗೆ ಇರುವುದು ಇಂಗ್ಲಿಷಿನ 'ಪಿ' ಅಕ್ಷರದ ಸಂಕೇತ! ಅದನ್ನು ಹಾಗೆಯೇ ಕೊಟ್ಟರೆ ಹೊರಬರುವುದು ಅರ್ಥವಿಲ್ಲದ ಚುಕ್ಕೆಗಳ ರಾಶಿ. ಮೊದಲು ಯುನಿಕೋಡಿಗೆ ಬದಲಾಯಿಸಬೇಕು. ಪಿಡಿಎಫ್ ಕಡತದಿಂದ ಅಕ್ಷರಗಳನ್ನು ಎತ್ತುವಾಗಲೂ ಒತ್ತು, ದೀರ್ಘಗಳು ಸ್ಥಾನ ತಪ್ಪುವುದುಂಟು.

ಇಲ್ಲಿಯೇ ಕನ್ನಡ ಬಲ್ಲವರ ಅಗತ್ಯವಿರುವುದು. ಅಚ್ಚಿನಲ್ಲಿ ಒತ್ತು ಅಕ್ಷರದ ಕೆಳಗೆ ಬರುತ್ತದೆ. ಬ್ರೈಲಿನಲ್ಲಿ 4ನೆಯ ಚುಕ್ಕೆ ಮೊದಲು ಬಂದು, ಬಳಿಕ ಎರಡು ವ್ಯಂಜನಗಳು ಸಾಲಾಗಿ ಬರುತ್ತವೆ. ಒತ್ತು ಬಿಟ್ಟುಹೋದರೆ 'ಕತ್ತೆ' ಹೋಗಿ 'ಕತೆ'ಯಾಗುತ್ತದೆ. ಕಣ್ಣಿರುವ ಮಗು ಪಕ್ಕದ ಚಿತ್ರ ನೋಡಿ ತಿದ್ದಿಕೊಂಡೀತು. ಬೆರಳಿನಿಂದ ಓದುವ ಮಗುವಿಗೆ ಆ ಆಸರೆಯೂ ಇಲ್ಲ. ಚಿತ್ರ, ಭೂಪಟಗಳನ್ನು ಮಾತಿನಲ್ಲಿ ವಿವರಿಸಬೇಕು, ಇಲ್ಲವೇ ಉಬ್ಬುಗೆರೆಗಳಲ್ಲಿ ಮೂಡಿಸಬೇಕು. ಇದು ಯಂತ್ರವೊಂದರಿಂದಲೇ ಆಗುವ ಕೆಲಸವಲ್ಲ.

ಕರ್ನಾಟಕದಲ್ಲಿ ಸಿದ್ಧವಾದ ಬ್ರೈಲ್ ಪಠ್ಯವನ್ನು ತರಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ನಮ್ಮ ಮಕ್ಕಳು ಓದುವುದು ಕೇರಳದ ಪಠ್ಯಕ್ರಮವನ್ನು, ಪಾಠಗಳೇ ಬೇರೆ.

ಕಾನೂನು ಮಗುವಿನ ಪರವಾಗಿದೆ. 2012ರ ತಿದ್ದುಪಡಿಯ ಬಳಿಕ ಕೃತಿಸ್ವಾಮ್ಯದ ಕಾನೂನು ಇಂತಹ ಪರಿವರ್ತನೆಗೆ ಅವಕಾಶ ನೀಡಿದೆ. ನಿಗದಿತ ಪ್ರಮಾಣದ ಅಂಗವೈಕಲ್ಯವುಳ್ಳ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿಗಳನ್ನು ಉಚಿತವಾಗಿ ಒದಗಿಸಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೇಳುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯವಿರಬೇಕೆಂಬುದು ಸಂವಿಧಾನದ 350ಎ ವಿಧಿಯ ಆಶಯ.

ಕನ್ನಡ ಪಠ್ಯ ಮುದ್ರಣಕ್ಕೆ ಹೋಗುವ ದಿನವೇ ಅದರ ಯುನಿಕೋಡ್ ಕಡತವೂ ಬ್ರೈಲ್ ತಯಾರಿಸುವವರಿಗೆ ತಲುಪುವಂತಾಗಬೇಕು. ಕರಡು ತಿದ್ದಲು ಕನ್ನಡ ಅಧ್ಯಾಪಕರನ್ನು ನೇಮಿಸಬೇಕು. ಹೆತ್ತವರು ಶಾಲೆಗೆ ಸೇರಿಸುವಾಗಲೇ ಕನ್ನಡ ಬ್ರೈಲ್ ಪುಸ್ತಕಕ್ಕೆ ಲಿಖಿತ ಬೇಡಿಕೆ ಸಲ್ಲಿಸುವುದು ಉತ್ತಮ. ಬೇಡಿಕೆ ಒಂದೇ ಪ್ರತಿಗಾದರೂ ಸರಿ. ಪುಸ್ತಕ ಸಿಗಲಿಲ್ಲವೆಂಬ ಕಾರಣಕ್ಕೆ ಒಂದು ಮಗುವೂ ತನ್ನ ಮನೆಮಾತಿನ ತರಗತಿಯನ್ನು ಬಿಟ್ಟುಹೋಗುವಂತಾಗಬಾರದು.